ಸೀಸದ ಬಾಣಲೆಯ ಅಂಚಿನ ಊಟದ ಡಬ್ಬಿ

ಗ್ಯಾರೇಜುಗಳ ಬೀದಿಯಲ್ಲಿ ನಿಂತು "ಬಿಸಿಡಬ್ಬಿ ಎಲ್ಲಿ?" ಎಂದು ಯಾರನ್ನು ಕೇಳಿದರೂ ಮೂಲೆಯ ಬ್ಯಾಟರಿ ಅಂಗಡಿಯ ಕಡೆ ಗದ್ದ ಎತ್ತಿ ತೋರಿಸುತ್ತಿದ್ದರು. ಬಿಸಿಡಬ್ಬಿ ಎಂದರೆ ಆ ಅಂಗಡಿಯ ಯಜಮಾನ. ಎಂಬತ್ತೆರಡು ವರ್ಷದ ಮುದುಕ. ಬೆನ್ನು ನೆಟ್ಟಗೆ, ಮಾತು ಅದಕ್ಕಿಂತ ನೆಟ್ಟಗೆ, ಕೈ ಮಾತ್ರ ಸ್ವಲ್ಪ ನಡುಗುತ್ತಿತ್ತು. ಅಡ್ಡಹೆಸರುಗಳು ಸಾಮಾನ್ಯವಾಗಿ ಮನುಷ್ಯನ ಕುಂದು ನೋಡಿ ಹುಟ್ಟುತ್ತವೆ. ಇವನದು ಅವನ ಒಳ್ಳೆಯತನದಿಂದ ಹುಟ್ಟಿದ್ದು. ಆ ಒಳ್ಳೆಯತನವೇ ತನ್ನ ಮನೆಗೆ ಮುಳುವಾಗಿದೆ ಎಂದು ಅವನಿಗೆ ತಿಳಿಯಲು ಐವತ್ತೆರಡು ವರ್ಷ ಹಿಡಿಯಿತು.

ಅಂಗಡಿ ಉದ್ದಕ್ಕೆ, ಓಣಿಯ ಹಾಗಿತ್ತು. ಮುಂದೆ ಚಾರ್ಜಿಗೆ ಹಾಕಿದ ಬ್ಯಾಟರಿಗಳ ಸಾಲು, ನಡುವೆ ಕೆಲಸದ ಮೇಜು, ಹಿಂದುಗಡೆ ಸೀಸ ಕರಗಿಸುವ ಒಲೆ. ಹಳೆಯ ಬ್ಯಾಟರಿಯ ಹೊಟ್ಟೆ ಬಗೆದು, ಒಳಗಿನ ಪ್ಲೇಟುಗಳನ್ನು ಕಿತ್ತು, ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ, ಮೇಲೆ ತೇಲುವ ಕಸವನ್ನು ಸೌಟಿನಿಂದ ಬಾಚಿ ತೆಗೆದು, ಥಳಥಳ ಹೊಳೆಯುವ ಸೀಸವನ್ನು ಅಚ್ಚಿಗೆ ಹೊಯ್ಯುವುದು ಅಲ್ಲಿನ ಕಸುಬು. ಸತ್ತ ಬ್ಯಾಟರಿ ಒಳಗೆ ಹೋದರೆ ಜೀವ ಬಂದು ಹೊರಗೆ ಬರುತ್ತದೆ ಎಂದು ಇಡೀ ಬೀದಿ ಒಪ್ಪಿತ್ತು. ಯಜಮಾನನ ಮಗ, ಮೊಮ್ಮಗ ಇಬ್ಬರೂ ಅಲ್ಲೇ ಪಳಗಿದವರು. ಜೊತೆಗೆ ಇಬ್ಬರು ಕೆಲಸಗಾರರು.

ಯಜಮಾನ ಮೂವತ್ತು ವರ್ಷದವನಾಗುವವರೆಗೆ ಸೈಕಲ್ ತುಳಿದು ಮನೆಮನೆಗೆ ಪಾರ್ಸಲ್ ಹಂಚುತ್ತಿದ್ದವನು. ಹತ್ತು ವರ್ಷ ಯಾವುದೋ ಮರದ ಕೆಳಗೆ, ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಕೂತು ತಣ್ಣಗಾದ ಊಟ ನುಂಗಿದ್ದ. ಹಾಗಾಗಿ ಬ್ಯಾಟರಿ ಅಂಗಡಿ ತೆರೆದ ಮೊದಲ ವಾರವೇ, ಕೆಲಸಗಾರನೊಬ್ಬ ಮುಖ ಕಿವುಚಿಕೊಂಡು ತಣ್ಣನೆಯ ತುತ್ತು ಇಳಿಸುವುದನ್ನು ಕಂಡಾಗ ಅವನು ಸುತ್ತ ಬಿಸಿಯ ಜಾಗ ಹುಡುಕಿದ. ಬಾಣಲೆಗೆ ಅಂಗೈ ಅಗಲದ ಅಂಚಿತ್ತು. ಡಬ್ಬಿ ಇಡಲು ಹೇಳಿ ಮಾಡಿಸಿದ ಹಾಗೆ. ಅಂದಿನಿಂದ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಎಲ್ಲರ ಡಬ್ಬಿಗಳೂ ಮುಚ್ಚಳ ಸಡಿಲಿಸಿಕೊಂಡು ಆ ಅಂಚಿನ ಮೇಲೆ ಸಾಲಾಗಿ ಕೂತವು. ಪಕ್ಕದಲ್ಲೇ ಸೀಸ ಕರಗುತ್ತಿತ್ತು. ಒಂದು ಗಂಟೆಗೆ ಕೈಗೆ ಅಂಟಿದ ಮಸಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಎಲ್ಲರೂ ಬಿಸಿಬಿಸಿಯಾಗಿ ತಿನ್ನುತ್ತಿದ್ದರು.

"ನನ್ನ ಅಂಗಡೀಲಿ ತಣ್ಣಗಿರೋದು ಆಸಿಡ್ ಒಂದೇ" ಎಂದು ಯಜಮಾನ ಮೀಸೆ ತಿರುವುತ್ತಿದ್ದ. ಊಟಕ್ಕೊಂದು ನವಿರಾದ ಸಿಹಿ ಬರುತ್ತದೆ, ಮನೆಯಲ್ಲಿ ತಿಂದರೆ ಆ ರುಚಿಯೇ ಇರುವುದಿಲ್ಲ ಎಂದು ಕೆಲಸಗಾರರು ಹೊಗಳುತ್ತಿದ್ದರು. ಪಕ್ಕದ ಗ್ಯಾರೇಜಿನವರೂ ಒಮ್ಮೊಮ್ಮೆ ಡಬ್ಬಿ ಹಿಡಿದು ಬಂದು ಹಲ್ಲು ಗಿಂಜುತ್ತಿದ್ದರು. ಯಜಮಾನ ಯಾರಿಗೂ ಇಲ್ಲ ಎಂದವನಲ್ಲ.

ಈ ಮನುಷ್ಯನಿಗೆ ಇನ್ನೊಂದು ಜಂಬವಿತ್ತು. ಐದು ಮಕ್ಕಳ ತಂದೆ ಎಂಬುದು. ಮಾತು ಎಲ್ಲಿಂದ ಶುರುವಾದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಬಲಗೈಯ ಐದು ಬೆರಳನ್ನೂ ಅಗಲಿಸಿ ಎದುರಿನವರ ಮೂಗಿನ ಮುಂದೆ ಹಿಡಿಯುವನು: "ಐದು! ನಮ್ಮ ಮನೆ ಗಂಡಸರಂದ್ರೆ ಏನಂದ್ಕೊಂಡ್ರಿ?" ಮೊದಲ ನಾಲ್ವರು ಹೆಣ್ಣುಮಕ್ಕಳು. ಅವರ ಮನೆಗಳಲ್ಲಿ ಮಕ್ಕಳು ಮರಿಗಳು ಗಿಜಿಗುಡುತ್ತಿದ್ದವು. ಐದನೆಯವನು ಮಗ, ಅಂಗಡಿಯಲ್ಲಿ ಅಪ್ಪನ ಪಕ್ಕ ನಿಂತವನು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನಿಗೆ ಮದುವೆಯಾಗಿ ಐದು ವರ್ಷವಾದ ಮೇಲೆ ಒಬ್ಬನೇ ಒಬ್ಬ ಮಗ ಹುಟ್ಟಿದ್ದ, ಆಮೇಲೆ ಇಲ್ಲ. ಆ ಒಬ್ಬನೇ ಈ ಮೊಮ್ಮಗ. ಇಪ್ಪತ್ತೇಳು ವರ್ಷ, ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಐದು, ಒಂದು, ಸೊನ್ನೆ. ಇಷ್ಟು ಸಲೀಸಾಗಿ ಇಳಿದುಬಂದ ಮೆಟ್ಟಿಲು ಆ ಮನೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೆರಳು ಅಗಲಿಸಿ ತೋರಿಸುವವನ ಕಣ್ಣಿಗಂತೂ ಮೊದಲೇ ಇಲ್ಲ.

ಮೊಮ್ಮಗನ ಹೆಂಡತಿ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಬೇರೆಯವರ ಮಕ್ಕಳ ಪುಟ್ಟ ಪುಟ್ಟ ತೋಳುಗಳ ಅಳತೆಗೆ ಬಟ್ಟೆ ಕತ್ತರಿಸಿ, ಸಂಜೆ ಮನೆಗೆ ಬಂದು ಬಾಯಿ ಬಿಗಿಹಿಡಿದು ಕೂರುತ್ತಿದ್ದಳು. ಎರಡು ವರ್ಷ ಅವಳನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದರು. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಎಲ್ಲ ಸರಿಯಾಗಿದೆ ಎಂದರು. ಮೊಮ್ಮಗನನ್ನು ಮಾತ್ರ ಯಾರೂ ಪರೀಕ್ಷೆಗೆ ಕಳಿಸಲಿಲ್ಲ. ಯಜಮಾನನ ಅಪ್ಪಣೆಯಾಗಿತ್ತು: "ಇವನಿಗೆ ಯಾಕೆ ಟೆಸ್ಟು? ಇವನ ಅಜ್ಜನ್ನ ನೋಡಿ ಸಾಕು."

ಕೊನೆಗೆ ಹೊಸದಾಗಿ ಬಂದ ಡಾಕ್ಟರಮ್ಮ ಒಬ್ಬಾಕೆ, "ಗಂಡನ್ನ ಕರ್ಕೊಂಡು ಬರದೆ ಇನ್ನು ಇತ್ತ ಬರಬೇಡಿ" ಎಂದು ಖಂಡಿತವಾಗಿ ಹೇಳಿಬಿಟ್ಟಳು. ಮೊಮ್ಮಗ ಅಜ್ಜನಿಗೆ ಹೇಳದೆ ಹೋದ. ಒಂದು ಸಲವಲ್ಲ, ಮೂರು ಸಲ ಹೋದ. ಮೂರನೆಯ ಸಂಜೆ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಕಾಗದವೊಂದನ್ನು ಮೇಜಿನ ಮೇಲಿಟ್ಟ.

"ಅಜ್ಜ, ತೊಂದರೆ ಅವಳದ್ದಲ್ಲ. ನಂದು. ಇರಬೇಕಾದ್ದರಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ. ಇರೋದ್ರಲ್ಲೂ ಚಲನೆ ಇಲ್ಲ ಅಂದ್ರು. ರಕ್ತದಲ್ಲಿ ಸೀಸ ತುಂಬಿದೆಯಂತೆ. ಒಲೆ ಹತ್ರ ಹೋಗಬೇಡ ಅಂತಾರೆ."

ಯಜಮಾನ ಕಾಗದವನ್ನು ಮುಟ್ಟಲಿಲ್ಲ.

"ಸೀಸ! ಐವತ್ತು ವರ್ಷದಿಂದ ಸೀಸದ ಜೊತೇಲೇ ಬದುಕಿದ್ದೀನಿ. ಐದು ಮಕ್ಕಳು ಹುಟ್ಟಿದ್ವು. ಐದು!" ಬೆರಳುಗಳು ಅಗಲವಾದವು. "ಯಾವಳೋ ಡಾಕ್ಟರು ನಿನ್ನೆ ಮೊನ್ನೆ ಬಂದವಳು, ನನ್ನ ಕಸುಬಿಗೇ ಕೊಳ್ಳಿ ಇಡ್ತಾಳಾ? ಒಲೆ ಹತ್ರ ಹೋಗದೆ ಇದ್ರೆ ಅದು ಬ್ಯಾಟರಿ ಅಂಗಡಿ ಹೇಗಾಗುತ್ತೋ?"

ಮೊಮ್ಮಗ ತಲೆ ತಗ್ಗಿಸಿದ. ಅವನ ಹೆಂಡತಿ ಎದ್ದು ಒಳಗೆ ಹೋದಳು. ಯಜಮಾನನ ಹೆಂಡತಿ, ಎಪ್ಪತ್ತೊಂಬತ್ತರ ಮುದುಕಿ, ಗಂಡನ ಅಗಲಿಸಿದ ಬೆರಳುಗಳನ್ನೇ ಸ್ವಲ್ಪ ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಆ ಮುದುಕಿಯ ಕಿವಿ ಬಲು ಚುರುಕು. ಮೂರನೇ ಮನೆಯಲ್ಲಿ ಹಾಲು ಉಕ್ಕಿದರೆ ಇಲ್ಲಿಂದಲೇ ಹೇಳುವವಳು. ಆದರೆ ಬಾಯಿ ಮಾತ್ರ ಲೆಕ್ಕಾಚಾರದ್ದು.

ಮಾರನೆಯ ವಾರ, ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ, ಅಂಗಡಿಯ ಮುಂದೆ ಒಂದು ಹಳೆಯ ಕಾರು ನಿಂತಿತು. ಕನ್ನಡಕದ ಹೆಂಗಸೊಬ್ಬಳು ಇಳಿದು, "ಯಜಮಾನ್ರೇ, ಬ್ಯಾಟರಿ ಸ್ವಲ್ಪ ನೋಡಿ ಕೊಡ್ತೀರಾ?" ಎಂದಳು. ಮೊಮ್ಮಗ ಬೇರೊಂದು ಗ್ಯಾರೇಜಿಗೆ ಬ್ಯಾಟರಿ ಕೂರಿಸಲು ಹೋಗಿದ್ದ. ಯಜಮಾನನೇ ಎದ್ದ. ಬ್ಯಾಟರಿ ಇಳಿಸಿ, ಮುಚ್ಚಳಗಳನ್ನು ಬಿಚ್ಚಿ, ಆಸಿಡ್ ಅಳೆಯುವ ಗಾಜಿನ ಕೊಳವೆಯನ್ನು ಒಂದೊಂದು ಕೋಣೆಗೂ ಇಳಿಸಿ ನೋಡಿದ. ಮೀಟರ್ ಹಚ್ಚಿದ. ಹುಬ್ಬು ಗಂಟಿಕ್ಕಿದ.

"ಇದಕ್ಕೇನೂ ಆಗಿಲ್ವಲ್ಲಮ್ಮ. ಗಟ್ಟಿಮುಟ್ಟಾಗಿದೆ."

"ನೋಡೋಕೆ ಹಳೇದಾಗಿ, ಕೊಳೆ ಹಿಡಿದಿದೆಯಲ್ಲ?"

"ನೋಡೋಕೆ ಹೇಗಿದ್ರೇನು? ಹೊರಗೆ ಫಳಫಳ ಅನ್ನೋ ಬ್ಯಾಟರಿ ಒಳಗೆ ಸತ್ತಿರುತ್ತೆ. ಒಳಗಿರೋದನ್ನ ಮೀಟರ್ ಹೇಳ್ಬೇಕು. ಮೀಟರಿಗೆ ಮುಖ ನೋಡಿ ಮಣೆ ಹಾಕೋ ಅಭ್ಯಾಸ ಇಲ್ಲ."

"ಸರಿಯಾಗಿ ಹೇಳಿದ್ರಿ" ಎಂದಳು ಆಕೆ. "ನಿಮ್ಮ ಮೊಮ್ಮಗನ ವಿಷಯದಲ್ಲೂ ನಾನು ಮೀಟರನ್ನೇ ನೋಡಿದ್ದು. ಅಜ್ಜನ ಮುಖ ನೋಡಲಿಲ್ಲ."

ಯಜಮಾನನಿಗೆ ತಾನು ಎಲ್ಲಿ ಸಿಕ್ಕಿಬಿದ್ದೆ ಎಂದು ಆಗ ತಿಳಿಯಿತು. ಈ ಕನ್ನಡಕದವಳೇ ಆ ಡಾಕ್ಟರಮ್ಮ. ಸಿಟ್ಟು ನೆತ್ತಿಗೇರಿತು, ಆದರೆ ಬೈಯುವುದು ಹೇಗೆ? ತನ್ನ ಮೀಟರನ್ನು ತಾನೇ ಹೊಗಳಿ ಕೂತಿದ್ದನಲ್ಲ! ಕೊನೆಗೆ ಇದ್ದೊಂದು ಆಯುಧವನ್ನು ಹೊರಗೆ ತೆಗೆದ. ಬಲಗೈ ಎತ್ತಿ ಐದು ಬೆರಳು ಅಗಲಿಸಿದ.

"ಸೀಸ ಕೆಟ್ಟದ್ದಾಗಿದ್ರೆ ನನಗೆ ಐದು ಮಕ್ಕಳು ಹೇಗೆ ಹುಟ್ಟಿದ್ವಮ್ಮ?"

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತಳು. "ದೊಡ್ಡ ಮಗಳು ಹುಟ್ಟಿದಾಗ ಏನು ಕೆಲಸ ಮಾಡ್ತಿದ್ರಿ?"

"ಪಾರ್ಸಲ್ ಹಂಚ್ತಿದ್ದೆ. ಸೈಕಲ್ ಮೇಲೆ." ಹೆಬ್ಬೆರಳು ಮಡಚಿದ.

"ಎರಡನೇ ಮಗಳು?"

"ಆಗ್ಲೂ ಅದೇ."

"ಮೂರನೆಯವಳು, ನಾಲ್ಕನೆಯವಳು?"

"ಅದೇ ಸೈಕಲ್ಲೇ." ಈಗ ಕಿರುಬೆರಳೊಂದೇ ನಿಂತಿತ್ತು. ಯಜಮಾನ ಅದನ್ನು ನೋಡಿ ಮುಖ ಅರಳಿಸಿದ. "ಈ ಮಗ ಹುಟ್ಟಿದ ತಿಂಗಳೇ ಈ ಅಂಗಡಿ ತೆರೆದೆ. ಗಂಡುಮಗು ಬಂತು, ಸ್ವಂತ ಕಸುಬು ಶುರು ಮಾಡೋಣ ಅಂತ. ನೋಡಿ, ಆ ತೊಲೆಗೇ ತೊಟ್ಟಿಲು ಕಟ್ಟಿ ಇವನನ್ನ ಮಲಗಿಸ್ತಿದ್ದೆ. ನನ್ನ ಮೊಮ್ಮಗನೂ ಅದೇ ತೊಟ್ಟಿಲಲ್ಲಿ ಬೆಳೆದವನು."

"ಅಂಗಡಿ ತೆರೆದ ಮೇಲೆ ಹುಟ್ಟಿದವರು?"

ಯಜಮಾನ ಕಿರುಬೆರಳನ್ನೂ ಮಡಚಿದ. ಮುಷ್ಟಿಯಾದ ಕೈಯನ್ನು ನೋಡಿದ. ಆಮೇಲೆ ಎಡಗೈಯನ್ನು ಎತ್ತಿದ. ಅಲ್ಲಿ ಮಡಚಲು ಐದು ಬೆರಳು ಇದ್ದವು, ಒಂದಕ್ಕೂ ಮಗು ಇರಲಿಲ್ಲ. ಐವತ್ತೆರಡು ವರ್ಷ ಊರಿಗೆಲ್ಲ ಬಲಗೈ ತೋರಿಸಿದವನು ಎಡಗೈಯ ಕಡೆ ಒಮ್ಮೆಯೂ ನೋಡಿರಲಿಲ್ಲ.

ಡಾಕ್ಟರಮ್ಮ ದನಿ ತಗ್ಗಿಸಿದಳು. "ನಿಮಗೆ ಸೀಸ ಅಂಟಿದ್ದು ಮೂವತ್ತನೇ ವಯಸ್ಸಿಗೆ. ಮಗನಿಗೆ ತೊಟ್ಟಿಲಲ್ಲೇ. ಮೊಮ್ಮಗ ಹೊಟ್ಟೇಲಿರೋವಾಗ್ಲೇ ಅವನ ಅಪ್ಪನ ಬಟ್ಟೆ ಮನೇಲಿ ಒಗೀತಿದ್ರು, ಆ ಧೂಳೆಲ್ಲ ಮನೇಲೇ ಇತ್ತು. ಒಂದೊಂದು ತಲೆಮಾರಿಗೂ ಬೇಗ ಬೇಗ ಶುರುವಾಗಿದೆ. ಅಪ್ಪನ ಮೈಯಲ್ಲಿದ್ದದ್ದು ಮಗನಿಗೆ, ಅವನ ಮಗನಿಗೆ ಎಷ್ಟು ದಾಟುತ್ತೆ ಅನ್ನೋದನ್ನ ದೊಡ್ಡ ದೊಡ್ಡವರೇ ಇನ್ನೂ ಹುಡುಕ್ತಿದ್ದಾರೆ. ನನಗೆ ಎಲ್ಲಾ ಗೊತ್ತು ಅನ್ನಲ್ಲ. ಆದರೆ ಸೀಸ ಗಂಡಸರ ವೀರ್ಯವನ್ನ ಕೆಡಿಸುತ್ತೆ, ಅದು ಗೊತ್ತಿರೋ ವಿಷಯ. ಹೊಸದಾಗಿ ವೀರ್ಯ ತಯಾರಾಗೋಕೆ ಸುಮಾರು ಮೂರು ತಿಂಗಳು ಬೇಕು. ಮೈಯಿಂದ ಸೀಸ ಇಳಿಯೋಕೆ ಇನ್ನೂ ಹೆಚ್ಚು. ಒಲೆ ಬಿಟ್ಟರೆ ದಾರಿ ಇದೆ. ಮಗು ಆಗೇ ಆಗುತ್ತೆ ಅಂತ ಮಾತು ಕೊಡಲ್ಲ."

"ನಾನು ಇವರನ್ನೆಲ್ಲ ಚೆನ್ನಾಗೇ ನೋಡ್ಕೊಂಡಿದ್ದೀನಮ್ಮ" ಎಂದ ಯಜಮಾನ. "ಒಬ್ಬರಿಗೂ ಒಂದು ದಿನಕ್ಕೂ ತಣ್ಣಗಿರೋ ಊಟ ತಿನ್ನಿಸಿಲ್ಲ. ಅಲ್ಲಿ ನೋಡಿ."

ಡಾಕ್ಟರಮ್ಮ ತಿರುಗಿ ನೋಡಿದಳು. ಬಾಣಲೆಯ ಅಂಚಿನ ಮೇಲೆ ಐದು ಡಬ್ಬಿಗಳು, ಮುಚ್ಚಳ ಸಡಿಲ, ಪಕ್ಕದಲ್ಲಿ ಕರಗಿದ ಸೀಸ. ಆಕೆ ಎದ್ದು ನಿಂತಳು.

"ಯಾವಾಗಿಂದ ಹೀಗೆ?"

"ಮೊದಲ ವಾರದಿಂದಲೂ. ಒಂದು ತುತ್ತು ತಿಂದು ನೋಡಿ, ರುಚಿಯೇ ಬೇರೆ. ಏನೋ ಒಂದು ಸಿಹಿ."

"ಆ ಸಿಹಿ ಊಟದ್ದಲ್ಲ, ಯಜಮಾನ್ರೇ. ಸೀಸದ್ದು."

ಆಕೆ ಬ್ಯಾಟರಿ ಮರಳಿ ಕೂರಿಸಿಕೊಂಡು ಹೋದದ್ದು ಯಜಮಾನನಿಗೆ ತಿಳಿಯಲಿಲ್ಲ. ಅಂಗಡಿಯಲ್ಲಿ ಅಂದು ಯಾರೂ ಊಟ ಮಾಡಲಿಲ್ಲ. ಮಗ, ದಿನಕ್ಕೆ ಹತ್ತು ಮಾತಿನ ಆ ಮಗ, ಅಪ್ಪನ ಪಕ್ಕ ಬಂದು ನಿಂತು ಹೇಳಿದ: "ನಾನೂ ಐದು ವರ್ಷ ಕಾದೆ, ಅಪ್ಪ. ನನ್ನ ಹೆಂಡತೀನ ಎಲ್ಲರೂ ಏನೇನೋ ಅಂದ್ರು. ನಾನು ಸುಮ್ಮನಿದ್ದೆ." ಇದಿಷ್ಟೇ. ಆದರೆ ಮುದುಕನಿಗೆ ಇದು ಡಾಕ್ಟರಮ್ಮನ ಮಾತಿಗಿಂತ ಆಳಕ್ಕೆ ನಾಟಿತು.

ಸಂಜೆ ಮನೆಗೆ ಬಂದಾಗ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅಂಗಡಿಯ ಪ್ಯಾಂಟುಗಳು, ಮನೆಯ ಸೀರೆಗಳು, ದಿಂಬಿನ ಚೀಲಗಳು, ಎಲ್ಲ ಒಂದೇ ರಾಶಿ. ಯಜಮಾನ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಎಡಗೈಯನ್ನೂ ತೋರಿಸಿದ.

ಮುದುಕಿಯ ಕೈ ಮಡಚುವುದನ್ನು ನಿಲ್ಲಿಸಲಿಲ್ಲ.

"ಮಗ ಹುಟ್ಟಿದಾಗ ನನಗೆ ಇಪ್ಪತ್ತೇಳು" ಎಂದಳು. "ಇನ್ನೊಂದು ಬೇಕು ಅಂತ ಎಷ್ಟು ಆಸೆಪಟ್ಟೆ. ನಿಮಗೆ ಹೇಳಿದ್ದೆ. ಐದು ಸಾಕಲ್ವಾ ಅಂದ್ರಿ. ಇಪ್ಪತ್ತೇಳಕ್ಕೇ ನನ್ನ ಹೊಟ್ಟೆ ಮುಚ್ಚಿಹೋಯ್ತು ಅಂದ್ಕೊಂಡೆ. ನಾನೇ ಏನೋ ಭಾರ ಎತ್ತಿದೆ, ನಾನೇ ಏನೋ ತಿಂದೆ, ನನ್ನಲ್ಲೇ ಏನೋ ಕೆಟ್ಟಿತು. ಇವತ್ತಿನವರೆಗೂ ಹಾಗೇ ಅಂದ್ಕೊಂಡಿದ್ದೆ ಕಣ್ರೀ."

"ನನಗೆ ಹೇಳಬಾರದಿತ್ತಾ?"

"ನೀವು ಬೆರಳು ತೋರಿಸ್ತಾ ಇದ್ರಿ. ಎಲ್ಲಿ ಹೇಳೋದು?"

ಯಜಮಾನನಿಗೆ ಅಳು ಬಂತು. ಎಂಬತ್ತೆರಡು ವರ್ಷದ ಗಂಡಸು, ಬಟ್ಟೆಯ ರಾಶಿಯ ಮುಂದೆ ಕೂತು ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಒಂದು ದಿಂಬಿನ ಚೀಲ ಕೊಡಲು ಹೋದವಳು, ಅದೂ ಅಂಗಡಿಯ ಬಟ್ಟೆಯ ಜೊತೆ ಒಗೆದದ್ದೆಂದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ತನ್ನ ಅಂಗೈಯಿಂದಲೇ ಅವನ ಮುಖ ಒರೆಸಿದಳು.

ಈ ಮನುಷ್ಯನ ಒಂದು ಗುಣ ಹೇಳಲೇಬೇಕು. ತಪ್ಪು ದಾರಿಯಲ್ಲಿ ಐವತ್ತು ವರ್ಷ ನಡೆದರೂ, ತಿರುಗಬೇಕು ಎಂದು ಗೊತ್ತಾದ ಮೇಲೆ ಒಂದು ಹೆಜ್ಜೆ ಕೂಡ ಮುಂದೆ ಇಡುವವನಲ್ಲ. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಂಗಡಿಗೆ ಹೋದ. ಒಲೆ ಹಚ್ಚಲಿಲ್ಲ. ಕೆಲಸಗಾರರು ಬಂದಾಗ ತಣ್ಣಗಾದ ಬಾಣಲೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

"ಇವತ್ತಿಂದ ಇಲ್ಲಿ ಸೀಸ ಕರಗಲ್ಲ" ಎಂದ. "ಚಾರ್ಜ್ ಮಾಡ್ತೀವಿ, ಹೊಸದು ಕೂರಿಸ್ತೀವಿ. ಹಳೇ ಬ್ಯಾಟರೀನ ಹೊಟ್ಟೆ ಬಗೀದೆ ಹಾಗೇ ಕಟ್ಟಿ, ಅದಕ್ಕೆ ಅಂತಲೇ ಇರೋ ಕಾರ್ಖಾನೆಗೆ ಕಳಿಸ್ತೀವಿ. ಯಾರಿಗಾದ್ರೂ ಇಷ್ಟ ಇಲ್ವಾ?"

"ಆಮೇಲೆ ನಮಗೆ ಕೆಲಸ ಇರುತ್ತಾ ಯಜಮಾನ್ರೇ?" ಎಂದು ಗುಂಗುರು ಕೂದಲಿನ ಕೆಲಸಗಾರ ಕೇಳಿದ.

"ಮೊದಲು ಗೋಡೆ ತೊಳಿ. ಅದೇ ಒಂದು ತಿಂಗಳ ಕೆಲಸ ಇದೆ."

ನಿಜಕ್ಕೂ ಒಂದು ತಿಂಗಳೇ ಆಯಿತು. ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ, ಒಣ ಪೊರಕೆ ಮುಟ್ಟದೆ, ಮೂಗು ಬಾಯಿಗೆ ಮುಖವಾಡ ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಐವತ್ತೆರಡು ವರ್ಷದ ಧೂಳನ್ನು ಒರೆಸಿದರು. ಮೊಮ್ಮಗನನ್ನು ಆ ತಿಂಗಳು ಹೊಸ್ತಿಲು ದಾಟಿ ಒಳಗೆ ಬಿಡಲಿಲ್ಲ. ಹೊರಗೆ ಗ್ಯಾರೇಜುಗಳಿಗೆ ಹೋಗಿ ಬ್ಯಾಟರಿ ಕೂರಿಸುವುದು ಅವನ ಕೆಲಸವಾಯಿತು. ಹಿಂದುಗಡೆ ಸ್ನಾನದ ಮನೆ ಕಟ್ಟಿಸಿದರು. ಮೊಮ್ಮಗನ ಹೆಂಡತಿ ಎಲ್ಲರಿಗೂ ದಪ್ಪ ನೀಲಿ ಬಟ್ಟೆಯ ಅಂಗಿ ಪ್ಯಾಂಟು ಹೊಲಿದಳು. ಅವು ಅಂಗಡಿಯಲ್ಲೇ ಇರಬೇಕು, ಅಲ್ಲೇ ಒಗೆಯಬೇಕು, ಸ್ನಾನ ಮಾಡದೆ ಯಾರೂ ಮನೆಗೆ ಹೋಗಕೂಡದು. ಜೇಬು ಮಾತ್ರ ಒಂದಕ್ಕೂ ಇಡಲಿಲ್ಲ. "ಜೇಬಿದ್ರೆ ತಿನ್ನೋದು ಏನಾದ್ರೂ ಇಟ್ಕೊಳ್ತೀರಿ" ಎಂದಳು. ನಾಲ್ಕು ವರ್ಷದಲ್ಲಿ ಅವಳು ಆ ಮನೆಯ ಗಂಡಸರ ಮೇಲೆ ಮಾಡಿದ ಮೊದಲ ಜೋರು ಅದು. ಎಲ್ಲರೂ ಬಾಯಿ ಮುಚ್ಚಿಕೊಂಡು ತೊಟ್ಟರು.

ಬೀದಿ ಬಾಯಿ ಮುಚ್ಚಿಕೊಳ್ಳಲಿಲ್ಲ. ಬಿಸಿಡಬ್ಬಿ ಈಗ ತಣ್ಣಡಬ್ಬಿ ಆದ ಎಂದರು. ಬ್ಯಾಟರಿ ಅಂಗಡಿಯೋ ಸೋಪಿನ ಅಂಗಡಿಯೋ ಎಂದು ಕೇಳಿದರು. ಬಣ್ಣ ಹೊಡೆಯುವ ಗ್ಯಾರೇಜಿನವನಂತೂ ದಿನಾ ಬಂದು, "ಯಜಮಾನ್ರೇ, ಬೆನ್ನು ಉಜ್ಜಿಕೊಡ್ಲಾ?" ಎನ್ನುತ್ತಿದ್ದ. ಯಜಮಾನ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ತಣ್ಣಡಬ್ಬಿ ಎಂದದ್ದು ಮಾತ್ರ ಚುಚ್ಚಿತು. ಪಕ್ಕದಲ್ಲಿ ಖಾಲಿ ಬಿದ್ದಿದ್ದ ಸಣ್ಣ ಕೋಣೆಯೊಂದನ್ನು ಹಿಡಿದು, ಸುಣ್ಣ ಬಳಿಸಿ, ಒಂದು ಕರೆಂಟ್ ಒಲೆ, ಉದ್ದನೆಯ ಮೇಜು, ಬಾಗಿಲ ಪಕ್ಕ ಕೈ ತೊಳೆಯುವ ತೊಟ್ಟಿ ಇಡಿಸಿದ. ಸೋಪು ಹಚ್ಚಿ ಮೊಣಕೈವರೆಗೆ ತೊಳೆಯದವರಿಗೆ ಒಳಗೆ ಪ್ರವೇಶವಿಲ್ಲ. ಡಬ್ಬಿಗಳನ್ನು ತಾನೇ ಒಂದೊಂದಾಗಿ ಬಿಸಿ ಮಾಡಿ ಕೊಡುತ್ತಿದ್ದ. ಹಳೆಯ ಸಿಹಿ ಇಲ್ಲ ಎಂದು ಗುಂಗುರು ಕೂದಲಿನವನು ಗೊಣಗಿದಾಗ, "ಆ ಸಿಹಿ ನಿನ್ನ ಶತ್ರುವಿಗಿರಲಿ, ತಿನ್ನು" ಎಂದು ಗದರಿಸಿದ.

ಬಾಣಲೆಯಲ್ಲಿ ಮಣ್ಣು ತುಂಬಿ ಹೂಗಿಡ ನೆಡೋಣ ಎಂದು ಯಾರೋ ಹೇಳಿದರು. ಯಜಮಾನ ಕೇಳಲಿಲ್ಲ. "ಅದರಲ್ಲಿ ಬೆಳೆದ ಹೂ ಮೂಸೋಕೂ ನನಗೆ ಧೈರ್ಯ ಇಲ್ಲ" ಎಂದು, ಅದನ್ನೂ ಹಳೆಯ ಬ್ಯಾಟರಿಗಳ ಜೊತೆ ಕಾರ್ಖಾನೆಯ ಲಾರಿಗೆ ಏರಿಸಿದ.

ಮೂರು ತಿಂಗಳು ತುಂಬಿದ ದಿನ ಮೊಮ್ಮಗ ಪರೀಕ್ಷೆಗೆ ಹೋದ. ಮನೆಯವರೆಲ್ಲ ಬಾಗಿಲಲ್ಲೇ ಕಾದಿದ್ದರು. ಅವನ ನಡಿಗೆ ನೋಡಿಯೇ ಗೊತ್ತಾಯಿತು.

"ಒಂಚೂರು ಏರಿದೆ. ಸಾಲಲ್ಲ ಅಂದ್ರು." ಜಗಲಿಯ ಮೇಲೆ ಕುಸಿದು ಕೂತ. "ಅಜ್ಜ, ನನಗೋಸ್ಕರ ಕಸುಬನ್ನೇ ಹಾಳು ಮಾಡ್ಕೊಂಡ್ರಿ. ಇದು ಆಗೋ ಕೆಲಸ ಅಲ್ಲ ಅನ್ಸುತ್ತೆ."

ಮನೆಯವರೆಲ್ಲ ಯಜಮಾನನ ಮುಖ ನೋಡಿದರು. ಅವನು ಸಿಡಿಯುತ್ತಾನೆ ಎಂದುಕೊಂಡರು. ಅವನು ಮೊಮ್ಮಗನ ಪಕ್ಕ ಕೂತ.

"ಪೂರ್ತಿ ಸತ್ತ ಬ್ಯಾಟರಿ ಬಂದ್ರೆ ಏನು ಮಾಡ್ತೀಯ?"

"ಚಾರ್ಜಿಗೆ ಹಾಕ್ತೀನಿ."

"ಹೇಗೆ? ಒಂದೇ ಸಲ ಜೋರಾಗಿ ಕೊಡ್ತೀಯಾ?"

"ಇಲ್ಲ. ಪ್ಲೇಟು ಬಗ್ಗಿಹೋಗುತ್ತೆ. ನಿಧಾನಕ್ಕೆ ಕೊಡ್ಬೇಕು."

"ಮೊದಲ ದಿನ ಮೀಟರ್ ಎಷ್ಟು ತೋರ್ಸುತ್ತೆ?"

"ಒಂಚೂರು ಏರಿರುತ್ತೆ."

"ಆಗ ಕಿತ್ತು ಬಿಸಾಡ್ತೀಯಾ? ಸೊನ್ನೆ ಅಲ್ಲ ಅಂತ ಖುಷಿಪಡ್ತೀಯಾ?"

ಮೊಮ್ಮಗ ಮೂರು ತಿಂಗಳಲ್ಲಿ ಮೊದಲ ಸಲ ನಕ್ಕ. ಒಳಗಿನಿಂದ ಅವನ ಹೆಂಡತಿಯ ನಗುವೂ ಕೇಳಿಸಿತು. ಯಜಮಾನ ಜಗಲಿಯಿಂದ ಎದ್ದು ಎಲ್ಲರಿಗೂ ಕೇಳುವ ಹಾಗೆ, "ಏರಿದೆಯಂತೆ!" ಎಂದು ಕೂಗಿದ.

ಆರು ತಿಂಗಳಿಗೆ ಇನ್ನಷ್ಟು ಏರಿತು. ರಕ್ತದ ಸೀಸ ಅರ್ಧಕ್ಕಿಂತ ಕೆಳಗಿಳಿಯಿತು. ಯಜಮಾನನ ಹೊಟ್ಟೆನೋವು, ಯಾರಿಗೂ ಹೇಳದೆ ಹತ್ತು ವರ್ಷದಿಂದ ನುಂಗಿಕೊಂಡಿದ್ದ ನೋವು, ತಾನಾಗಿಯೇ ಹಿಮ್ಮೆಟ್ಟಿತು. ಹನ್ನೊಂದನೆಯ ತಿಂಗಳ ಪರೀಕ್ಷೆಯ ದಿನ ಡಾಕ್ಟರಮ್ಮ ಕಾಗದವನ್ನು ಮೊಮ್ಮಗನ ಕೈಗೆ ಕೊಡಲಿಲ್ಲ. ಕಾರು ಹತ್ತಿ ತಾನೇ ಅಂಗಡಿಗೆ ಬಂದು, ಕೈ ತೊಳೆದು, ಊಟದ ಕೋಣೆಗೆ ಹೋಗಿ, ಯಜಮಾನನ ಮುಂದಿಟ್ಟಳು.

"ನಿಮ್ಮ ಭಾಷೇಲಿ ಹೇಳ್ಲಾ? ಮೀಟರ್ ಸರಿಯಾದ ಗೆರೆ ದಾಟಿದೆ. ಚಲನೆನೂ ಬಂದಿದೆ."

ಯಜಮಾನ ಆ ಕಾಗದವನ್ನು ಉಲ್ಟಾ ಹಿಡಿದು ಓದಿದ, ನೆಟ್ಟಗೆ ಹಿಡಿದು ಓದಿದ, ಬೀದಿಗೆ ಹೋಗಿ ಬಿಸಿಲಿಗೆ ಹಿಡಿದು ಓದಿದ. ಬಣ್ಣದ ಗ್ಯಾರೇಜಿನವನು ಬೆನ್ನು ಉಜ್ಜುವ ಮಾತೆತ್ತಲು ಬಂದವನು ಮುದುಕನ ಮುಖ ನೋಡಿ ಆ ಮಾತು ಬಿಟ್ಟ. ಆಮೇಲೆ ಮೆಲ್ಲಗೆ, "ನನಗೂ ಮದುವೆಯಾಗಿ ಆರು ವರ್ಷ ಆಯ್ತು. ಆ ಡಾಕ್ಟರಮ್ಮ ಬಣ್ಣದವರನ್ನೂ ನೋಡ್ತಾರಾ?" ಎಂದು ಕೇಳಿದ. ಯಜಮಾನ ಅವನನ್ನು ಕಿವಿ ಹಿಡಿದು ಒಳಗೆ ಕರೆದೊಯ್ದು ಡಾಕ್ಟರಮ್ಮನ ಎದುರು ಕೂರಿಸಿದ. ಅದಕ್ಕೂ ಮೊದಲು ಕೈ ತೊಳೆಸಿದ.

ಮೊಮ್ಮಗನ ಹೆಂಡತಿಗೆ ತಿಂಗಳು ನಿಂತದ್ದು ಅದಾಗಿ ಎರಡು ತಿಂಗಳಿಗೆ. ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಮನೆಯ ಗೋಡೆಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಿದರು, ಹಳೆಯ ಹಾಸಿಗೆಗಳನ್ನು ಬದಲಿಸಿದರು. ಯಜಮಾನ ಅಂಗಡಿಯಲ್ಲಿ ಸ್ನಾನ ಮಾಡಿ ಬಂದು, ಮನೆಯಲ್ಲಿ ಇನ್ನೊಂದು ಸಲ ಮಾಡುತ್ತಿದ್ದ. "ಸವೆದುಹೋಗ್ತೀರಿ" ಎಂದು ಹೆಂಡತಿ ಹಾಸ್ಯ ಮಾಡಿದಳು.

ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಹೆರಿಗೆ ವಾರ್ಡಿನ ಉದ್ದನೆಯ ಜಗಲಿಯಲ್ಲಿ ಅವರೆಲ್ಲ ಕಾದಿದ್ದರು. ನೀಲಿ ಅಂಗಿ ಕಳಚಿ, ತೊಳೆದ ಬಟ್ಟೆ ತೊಟ್ಟ ಕೆಲಸಗಾರರಿಬ್ಬರೂ ಬಂದಿದ್ದರು. ಬಣ್ಣದ ಗ್ಯಾರೇಜಿನವನೂ ಬಂದಿದ್ದ. ನರ್ಸ್ ಬಟ್ಟೆಯ ಗಂಟೊಂದನ್ನು ಎತ್ತಿಕೊಂಡು ಹೊರಗೆ ಬಂದು, "ಹೆಣ್ಣುಮಗು. ಮೂರು ಕಿಲೋ. ಜೋರಾಗಿದ್ದಾಳೆ" ಎಂದಳು. ಆ ಮಾತಿಗೆ ಸಾಕ್ಷಿಯಾಗಿ ಗಂಟಿನೊಳಗಿನಿಂದ ಕಿರುಚಾಟ ಎದ್ದಿತು. ಮಗ, ಆ ಹತ್ತು ಮಾತಿನವನು, "ಏನು ದನಿ! ಏನು ದನಿ! ಏನು ದನಿ!" ಎಂದು ಒಂದೇ ಉಸಿರಿಗೆ ಆರು ಮಾತು ಖರ್ಚು ಮಾಡಿದ.

"ಮೊದಲು ಯಾರು ಎತ್ಕೊಳ್ತೀರಿ? ಕೈ ತೊಳೆದು ಬನ್ನಿ" ಎಂದಳು ನರ್ಸ್.

ಯಜಮಾನ ಅಷ್ಟರಲ್ಲಿ ಮೂರು ಸಲ ತೊಳೆದಿದ್ದ. ನಾಲ್ಕನೆಯ ಸಲ ತೊಳೆದು ಬಂದು, ಎರಡೂ ಕೈಗಳನ್ನು ಚಾಚಿ ಮಗುವನ್ನು ತೆಗೆದುಕೊಂಡ. ಆದರೆ ಎದೆಗೆ ಒತ್ತಿಕೊಳ್ಳಲಿಲ್ಲ. ನೇರ ಜಗಲಿಯ ಕೊನೆಯ ಬೆಂಚಿಗೆ ನಡೆದು, ಅಲ್ಲಿ ಕೂತಿದ್ದ ಹೆಂಡತಿಯ ಮಡಿಲಲ್ಲಿ ಮಲಗಿಸಿದ. ಅವಳ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ.

"ನಿನ್ನಲ್ಲಿ ಏನೂ ಕೆಟ್ಟಿರಲಿಲ್ಲ ಕಣೇ" ಎಂದ. "ಐವತ್ತು ವರ್ಷ ನೀನು ಸುಮ್ಮನೆ ಹೊತ್ತೆ. ಅದು ನನ್ನದು."

ಮುದುಕಿ ಮಗುವಿನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಏನಂದ್ರಿ?" ಎಂದಳು. "ಈಚೆಗೆ ಕಿವಿ ಸರಿಯಾಗಿ ಕೇಳ್ಸಲ್ಲ ಕಣ್ರೀ. ಸ್ವಲ್ಪ ಗಟ್ಟಿಯಾಗಿ ಹೇಳಿ."

ಮೂರನೇ ಮನೆಯ ಹಾಲು ಉಕ್ಕಿದ್ದು ಕೇಳುವ ಕಿವಿ ಅದೆಂದು ಯಜಮಾನನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಮಂಡಿ ಹಿಡಿದುಕೊಂಡು ಎದ್ದು ನಿಂತ. ಐದು ಬೆರಳು ತೋರಿಸುತ್ತಿದ್ದ ಬಲಗೈಯನ್ನು ಎದೆಗೆ ಇಟ್ಟುಕೊಂಡ. ಬೀದಿಯ ಈ ತುದಿಯಿಂದ ಆ ತುದಿಗೆ ಕೆಲಸಗಾರರನ್ನು ಕೂಗಿ ಪಳಗಿದ್ದ ಗಂಟಲಿನಲ್ಲಿ, ನರ್ಸುಗಳು ತಿರುಗಿ ನೋಡುವ ಹಾಗೆ, ಬಾಗಿಲುಗಳು ತೆರೆದುಕೊಳ್ಳುವ ಹಾಗೆ, ಒಳಗೆ ಮಲಗಿದ್ದ ಬಾಣಂತಿಗೂ ಕೇಳುವ ಹಾಗೆ ಕೂಗಿದ:

"ಇವಳಲ್ಲಿ ಏನೂ ಕೆಟ್ಟಿರಲಿಲ್ಲ! ನಮ್ಮ ಮನೆಗೆ ಬಂದ ಯಾವ ಹೆಂಗಸಲ್ಲೂ ಏನೂ ಕೆಟ್ಟಿರಲಿಲ್ಲ! ಎಲ್ಲಾ ನನ್ನ ಬಾಣಲೇದು!"

ಮಗು ಅಳು ನಿಲ್ಲಿಸಿತು. ಮುದುಕಿ ತಲೆಯೆತ್ತಿ ಗಂಡನನ್ನು ನೋಡಿದಳು.

"ಈಗ ಕೇಳಿಸ್ತು" ಎಂದಳು.